ರೂಪದರ್ಶಿಯ ದೇಹ

ಕೆ.ವಿ. ಅಯ್ಯರ್ ಅವರ ‘ರೂಪದರ್ಶಿ’ ಕಾದಂಬರಿಯನ್ನು ನಾವು ಬಹುಮಟ್ಟಿಗೆ ಪತನದ ನೀತಿಕಥೆಯಾಗಿಯೇ ಪಾಠ ಮಾಡುತ್ತ ಬಂದಿದ್ದೇವೆ. ಬಾಲಯೇಸುವಿನ ಚಿತ್ರಕ್ಕೆ ಕುಳಿತ ಮಗುವೇ ಬೆಳೆದು ಯೂದನ ಚಿತ್ರಕ್ಕೂ ಕೂರಬೇಕಾಗುವ ಈ ಕಥನದಲ್ಲಿ ನಮ್ಮ ಗಮನ ಹರಿಯುವುದು ಚಿತ್ರಕಾರ ಮೈಕೆಲೆಂಜೆಲೊನ ಕಡೆಗೆ. ಕುಳಿತವನ ದೇಹ ಅಲಕ್ಷಿತವಾಗಿ ಉಳಿಯುತ್ತದೆ. ಆದರೆ ಅಯ್ಯರ್ ವ್ಯಾಯಾಮಪಟು; 1930ರ ‘ಮಸಲ್ ಕಲ್ಟ್’ ಗ್ರಂಥದ ಛಾಯಾಚಿತ್ರಗಳಿಗೆ ತಮ್ಮ ಮೈಯನ್ನೇ ಒಡ್ಡಿದವರು. ಇದು ಕೃತಿಯ ಓದಿಗೆ ಅಪ್ರಸ್ತುತವೆ?

ನೊಣವಿನಕೆರೆಯ ತೋಟವೊಂದರಲ್ಲಿ ಕಾಯಿ ಸುಲಿಯುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ನಾನೊಮ್ಮೆ ಚಿತ್ರ ಬರೆಯಲು ತೊಡಗಿದೆ (ಚಿತ್ರ ಕೆಟ್ಟಿತು, ಅದಿರಲಿ). ದಿನವಿಡೀ ಸುಲಿದರೂ ದಣಿವೆನ್ನದ ಅವರು 20 ನಿಮಿಷ ಅಲುಗದೆ ಕುಳಿತು ಸೋತುಹೋದರು. ಕೂರುವುದೂ ದುಡಿಮೆಯೇ. ಅಯ್ಯರ್ ತಮ್ಮ ಕಾದಂಬರಿಗೆ ಹೆಸರಿಟ್ಟದ್ದು ಬರೆದವನಿಂದಲ್ಲ, ಕುಳಿತವನಿಂದ.