ಹೆಬ್ಬೆಟ್ಟು ಒತ್ತಿದರೆ ಒಪ್ಪಿಗೆಯೆ?

ಮನುಷ್ಯರ ಮೇಲೆ ಸಂಶೋಧನೆ ನಡೆಸುವವರು ಮೊದಲು ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ಈ ನಿಯಮದ ಬಗ್ಗೆ ಸಂಶೋಧಕರ ಗೊಣಗಾಟ ಹೊಸದಲ್ಲ. ಫೈಲು ಹಿಡಿದು ತಿಂಗಳುಗಟ್ಟಲೆ ಅಲೆದೆವು, ಫೆಲೋಶಿಪ್ ಅವಧಿಯೇ ಮುಗಿಯುತ್ತ ಬಂತು ಎಂದು ಪಿಎಚ್.ಡಿ. ಹುಡುಗರು ದೂರುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ನಮ್ಮ ತಕರಾರು ಇದಕ್ಕೆ ತದ್ವಿರುದ್ಧ. ಸೂಜಿ ಚುಚ್ಚಿಸಿಕೊಳ್ಳುವವರಿಗೆ ಒಂದು ಮಾತೂ ಅರ್ಥವಾಗದೆ ಈ ಅನುಮತಿ ಸಿಕ್ಕಿಬಿಡುತ್ತದಲ್ಲ, ಅದು ಹೇಗೆ?

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಹಾಗೂ ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಲಾಯಿತು. ಪಾತ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಎರಡು ರಾಜ್ಯ ಸರ್ಕಾರಗಳು ಸೇರಿ ನಡೆಸಿದ ಅಧ್ಯಯನ ಅದು. ಸಾವುಗಳ ಸುದ್ದಿ ಹೊರಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ನಿಂತಿತು. ಒಟ್ಟು ಏಳು ಹುಡುಗಿಯರು ತೀರಿಕೊಂಡಿದ್ದರು. ಸಾವಿಗೆ ಲಸಿಕೆ ಕಾರಣವಾಗಿರಲಾರದು ಎಂದಿತು ತನಿಖಾ ಸಮಿತಿ. ಇರಬಹುದು. ಆ ಲಸಿಕೆಯ ಮೇಲೆ ನಮಗೆ ಹಗೆಯಿಲ್ಲ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಒಳ್ಳೆಯ ಲಸಿಕೆಯೇ ಅದು. ಆದರೆ ಒಪ್ಪಿಗೆ ಪತ್ರಗಳನ್ನು ನೋಡಿ. ಆಂಧ್ರದಲ್ಲಿ ಪರಿಶೀಲಿಸಿದ 9,543 ಪತ್ರಗಳ ಪೈಕಿ 1,948ರ ಮೇಲೆ ಹೆಬ್ಬೆಟ್ಟು, 2,763ರ ಮೇಲೆ ಹಾಸ್ಟೆಲ್ ವಾರ್ಡನ್‌ಗಳ ರುಜು! ಅಪ್ಪ ಅಮ್ಮ ಹಳ್ಳಿಯಲ್ಲಿ, ಹುಡುಗಿಯ ಮೈಯ ಮೇಲಿನ ಅಧಿಕಾರ ವಾರ್ಡನ್ನಿನ ಪೆನ್ನಿನಲ್ಲಿ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ನೈತಿಕ ಸಮಿತಿಗಳದ್ದೂ ಕರ್ತವ್ಯಲೋಪವೆಂದು ಬರೆಯಿತು. ಅಂದರೆ ಸಮಿತಿಗಳಿಗೇನೂ ಕೊರತೆಯಿರಲಿಲ್ಲ.

ಆಮೇಲೆ ಕಾನೂನು ಬಿಗಿಯಾಯಿತು, ಒಪ್ಪೋಣ. ಔಷಧ ಪ್ರಯೋಗಗಳಿಗೆ ಅನ್ವಯಿಸುವ 2019ರ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು. ತಜ್ಞನಲ್ಲದ ಒಬ್ಬ ಸಾಮಾನ್ಯ ಮನುಷ್ಯ ಬಂದು ಕೂರದಿದ್ದರೆ ಕೋರಂ ಇಲ್ಲ.

ಆ ಸಾಮಾನ್ಯ ಮನುಷ್ಯನ ಕುರ್ಚಿಯಲ್ಲಿ ನಾವೂ ಒಮ್ಮೆ ಕೂತಿದ್ದೇವೆ. ಒಂದು ಖಾಸಗಿ ವೈದ್ಯಕೀಯ ಕಾಲೇಜಿನವರಿಗೆ ಕನ್ನಡದ ಜೊತೆ ಉರ್ದು ಓದಬಲ್ಲವರೊಬ್ಬರು ಬೇಕಾಗಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯೊಂದರ ಪ್ರಯೋಗ. ಕನ್ನಡ ಒಪ್ಪಿಗೆ ಪತ್ರದಲ್ಲಿ ‘ಯಾದೃಚ್ಛಿಕ ಹಂಚಿಕೆ’ ಎಂದಿತ್ತು, ಉರ್ದುವಿನಲ್ಲಿ ‘ಬೇತರತೀಬ್ ತಕ್ಸೀಮ್’. ಕತೆ ಬರೆದು ಹೊಟ್ಟೆ ಹೊರೆಯುವ ನಮಗೇ ಎರಡು ಸಲ ಓದಬೇಕಾಯಿತು. ಇದೇ ಕಾಯಿಲೆಯಿರುವ ಪಕ್ಕದ ಮನೆಯ ಖಾಲಾ ಮುಂದೆ ಓದಿದೆವು. “ಇದು ಯಾವ ಜಬಾನ್ ಬೇಟಾ?” ಎಂದರು. ಅವರು ಹುಟ್ಟಿದಾಗಿನಿಂದ ಮಾತಾಡುತ್ತಿರುವುದು ದಖನಿ. ಚೀಟಿ ಎತ್ತಿದ ಹಾಗೆ, ಕೆಲವರಿಗೆ ಮದ್ದು, ಕೆಲವರಿಗೆ ನೋಡಲು ಹಾಗೇ ಕಾಣುವ ಹುಸಿಗುಳಿಗೆ ಎಂದು ಬಿಡಿಸಿ ಹೇಳಿದೆವು. ಖಾಲಾ ತಟ್ಟನೆ ಕೇಳಿದರು: “ನನಗೆ ಹುಸಿಗುಳಿಗೆ ಬಂದು ಸಕ್ಕರೆ ಏರಿದರೆ ಯಾರ ಹತ್ತಿರ ಹೋಗಬೇಕು?”

ಹದಿನಾಲ್ಕು ಪುಟಗಳ ಆ ಪತ್ರದಲ್ಲಿ ಇದಕ್ಕೆ ಉತ್ತರವಿತ್ತು, ಹನ್ನೊಂದನೆಯ ಪುಟದಲ್ಲಿ, ಖಾಲಾ ಎಂದೂ ತಲುಪಲಾರದ ಜಾಗದಲ್ಲಿ. ಸಭೆಯಲ್ಲಿ ಇದನ್ನು ಎತ್ತಿದೆವು. ಅಧ್ಯಕ್ಷರು ನಕ್ಕು, “ಸಾಹೇಬರೇ, ಇದು ಕತೆಯಲ್ಲ, ಪ್ರೋಟೊಕಾಲ್” ಎಂದರು. ಎಲ್ಲರೂ ನಕ್ಕರು, ಚಹಾ ಬಂತು. ಎರಡು ಗಂಟೆಯಲ್ಲಿ ಹನ್ನೊಂದು ಫೈಲು ಪಾಸು. ಮುಂದಿನ ಸಭೆಗೆ ನಮಗೆ ಕರೆ ಬರಲಿಲ್ಲ.

ದಖನಿ, ಬ್ಯಾರಿ, ಲಂಬಾಣಿಗಳಲ್ಲಿ ಓದುವ ಅಭ್ಯಾಸ ಯಾರಿಗಿದೆ, ಪತ್ರ ಬರೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಬರೆಯುವುದು ಬೇಡ, ಮಾತಾಡಿ ರೆಕಾರ್ಡ್ ಮಾಡಿ. ಪತ್ರವನ್ನು ಮನೆಗೆ ಒಯ್ದು ಮಗನಿಗೋ ಸೊಸೆಗೋ ತೋರಿಸಲು ಎರಡು ದಿನ ಬಿಡಿ. ಓದಲು ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿ ಸಾಕ್ಷಿ ಬೇಕೆಂದು ನಿಯಮವೇ ಹೇಳುತ್ತದೆ. ಆ ಸಾಕ್ಷಿ ಅದೇ ವಾರ್ಡಿನ ನರ್ಸ್ ಆಗದಿರಲಿ. ಎಲ್ಲಕ್ಕಿಂತ ಮೊದಲು, ಮೊಹರು ಒತ್ತುವ ಮುನ್ನ ಸಮಿತಿಯವರು ಆ ಪತ್ರವನ್ನು ಇಂಥ ನಾಲ್ಕು ಖಾಲಾಗಳ ಮುಂದೆ ಓದಿಸಲಿ. ಕೇಳಿದ್ದನ್ನು ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಾಗದಿದ್ದರೆ ಫೈಲು ವಾಪಸು ಕಳಿಸಲಿ. ಸಂಶೋಧನೆ ಎರಡು ತಿಂಗಳು ತಡವಾದರೆ ಆಗಲಿ.