ಆ ಸೂಜಿ ಯಾರದ್ದು?

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಹಾಸ್ಟೆಲ್‌ನಲ್ಲಿ ಕಸ ತೆಗೆಯುವ ಅಕ್ಕ ಒಂದೊಂದೇ ರೂಮಿನ ಬಾಗಿಲು ತಟ್ಟುತ್ತಾ ಬಂದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. "ಸೂಜಿ ಹಾಕಿದ್ದು ಯಾರಪ್ಪಾ? ಬೈಯಲ್ಲ, ಹೇಳಿ. ಯಾವ ಕಾಯಿಲೆದು ಅಂತ ಗೊತ್ತಾದ್ರೆ ಸಾಕು" ಅಂದರು.

ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಮ್ಮಲ್ಲೇ ಒಬ್ಬ ಮುಂದೆ ಬಂದು "ನಂದು ಅಕ್ಕಾ, ಇನ್ಸುಲಿನ್‌ದು" ಅಂದ. ಅವನಿಗೆ ಟೈಪ್ 1 ಡಯಾಬಿಟಿಸ್ ಇದೆ ಅನ್ನೋದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಿದ್ದೇ ಅವತ್ತು. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವನೂ ರಕ್ತ ಪರೀಕ್ಷೆ ಮಾಡಿಸಿಕೊಂಡ. ರಿಪೋರ್ಟ್‌ನಲ್ಲಿ ಏನೂ ಇರಲಿಲ್ಲ. ಆದರೆ ಅದು ಬರುವವರೆಗೆ ಅಕ್ಕ ಹೇಗೆ ನಿದ್ದೆ ಮಾಡಿರಬಹುದು? (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ.)

ವೈದ್ಯಕೀಯ ತ್ಯಾಜ್ಯ ಅಂದರೆ ಆಸ್ಪತ್ರೆಯ ಸಮಸ್ಯೆ ಅಂತಲೇ ನಾವು ಅಂದುಕೊಂಡಿದ್ದೆವು. ನಿಜ ಹೇಳಬೇಕು ಅಂದ್ರೆ, ಆಸ್ಪತ್ರೆಗಳಿಗೆ ಒಂದು ವ್ಯವಸ್ಥೆ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಟ್ಯೂಬು, ಡ್ರಿಪ್ ಬಾಟಲಿ ಕೆಂಪು ಚೀಲಕ್ಕೆ, ಗಾಜು ನೀಲಿ ಡಬ್ಬಕ್ಕೆ, ಸೂಜಿ, ಬ್ಲೇಡು ಚುಚ್ಚದಂಥ ಬಿಳಿ ಡಬ್ಬಕ್ಕೆ ಹೋಗಬೇಕು. ರಕ್ತ ಹತ್ತಿದಂಥ ಕಸವನ್ನು ಸಂಸ್ಕರಿಸದೆ ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ. ಎಲ್ಲರೂ ಸರಿಯಾಗಿ ಪಾಲಿಸ್ತಾರೆ ಅಂತ ನಾವು ಹೇಳ್ತಿಲ್ಲ. ಆದರೆ ತಪ್ಪಿದರೆ ಕೇಳೋಕೆ ಒಂದು ನಿಯಮ ಇದೆ.

ನಮ್ಮ ಫ್ರೆಂಡ್ ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ತಗೋತಾನೆ. ಅವನ ಸೂಜಿಗೆ ಯಾವ ಬಣ್ಣದ ಡಬ್ಬ? ಮೆಡಿಕಲ್ ಶಾಪ್‌ನಲ್ಲಿ ಕೇಳಿದೆವು, ನಾವು ಮಾರೋದಷ್ಟೇ ಅಂದರು. ಕ್ಲಿನಿಕ್‌ನಲ್ಲಿ ಕೇಳಿದೆವು, ಹೊರಗಿನದ್ದು ತಗೊಳ್ಳಲ್ಲ ಅಂದರು. ಅವನು ಟಿಶ್ಯೂನಲ್ಲಿ ಸುತ್ತಿ ಒಣ ಕಸಕ್ಕೆ ಹಾಕಿದ್ದು ಅಜಾಗರೂಕತೆಯಿಂದ ಅಲ್ಲ. ಬೇರೆ ದಾರಿ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹಾಗಂತ ಇದು ಯಾರೂ ಯೋಚಿಸದ ವಿಷಯವೂ ಅಲ್ಲ. ಬಳಸಿದ ಸೂಜಿ, ಅವಧಿ ಮುಗಿದ ಮಾತ್ರೆಗಳನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸ ಅಂತ ಕರೆದಿದ್ದವು, ಅದನ್ನು ಪಡೆಯೋಕೆ ಸ್ಥಳೀಯ ಸಂಸ್ಥೆಗಳು ಕೇಂದ್ರ ತೆರೆಯಬೇಕು ಅಂತಲೂ ಹೇಳಿದ್ದವು. ನಿಮ್ಮ ಏರಿಯಾದಲ್ಲಿ ಅಂಥದ್ದನ್ನು ನೋಡಿದ್ದೀರಾ? ನಾವಂತೂ ನೋಡಿಲ್ಲ.

ಎಲ್ಲಾ ಸೇರಿಸಿ ಸುಟ್ಟುಬಿಟ್ರೆ ಆಯ್ತಲ್ವಾ ಅಂತ ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಆಗಲ್ಲ. ಸೂಜಿ ಸುಟ್ಟು ಬೂದಿಯಾಗಲ್ಲ. ಜೊತೆಗಿರುವ ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟರೆ ಡೈಆಕ್ಸಿನ್, ಫ್ಯೂರಾನ್ ಬರುತ್ತವೆ. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಹುಲ್ಲು, ಹಸು, ಹಾಲು ಅಂತ ದಾಟಿ ನಮ್ಮ ಕೊಬ್ಬಿಗೇ ಬಂದು ಸೇರುತ್ತವೆ. ಅದಕ್ಕೇ ಇನ್ಸಿನರೇಟರ್‌ನ ಎರಡನೇ ಚೇಂಬರ್‌ನಲ್ಲಿ ಸುಮಾರು 1050 ಡಿಗ್ರಿ ಶಾಖ ಇರಬೇಕು, ಅನಿಲ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು ಅನ್ನೋ ನಿಯಮ. ಖಾಲಿ ಸೈಟಿನಲ್ಲಿ ಕಸಕ್ಕೆ ಹಚ್ಚುವ ಬೆಂಕಿಗೆ ಇದೆಲ್ಲಾ ಎಲ್ಲಿಂದ ಬರಬೇಕು?

ಇನ್ನೊಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಗಳ ಕಸದಲ್ಲಿ ಸುಮಾರು 85% ಮಾಮೂಲಿ ಕಸ, ಅಪಾಯಕಾರಿ ಆಗಿರೋದು 15% ಮಾತ್ರ. ಬೇರೆ ಮಾಡದಿದ್ದರೆ ಆ 15% ಸೇರಿ ನೂರಕ್ಕೆ ನೂರೂ ಅಪಾಯಕಾರಿ ಆಗುತ್ತೆ. ನಮ್ಮ ರೂಮಿನ ಡಸ್ಟ್‌ಬಿನ್‌ಗೂ ಇದೇ ಲೆಕ್ಕ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು. ಕಸವನ್ನು ಕೈಯಲ್ಲೇ ಬೇರೆ ಮಾಡುವವರಿಗೆ ನಮ್ಮ ಒಂದು ಟಿಶ್ಯೂ ಯಾವ ರಕ್ಷಣೆ ಕೊಡುತ್ತೆ?

ಈಗ ನಾವು ಮಾಡುತ್ತಿರೋದು ಇಷ್ಟು. ಫ್ಲೋರ್ ಕ್ಲೀನರ್‌ನ ಗಟ್ಟಿ ಖಾಲಿ ಬಾಟಲಿಗೆ "ಸೂಜಿ" ಅಂತ ಕೆಂಪಕ್ಷರದಲ್ಲಿ ಬರೆದು ಅವನ ಟೇಬಲ್ ಕೆಳಗೆ ಇಟ್ಟಿದ್ದೇವೆ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ ಟೇಪ್ ಸುತ್ತುತ್ತೇವೆ. ಆದರೆ ಆಮೇಲೆ ಅದು ಹೋಗೋದಾದರೂ ಎಲ್ಲಿಗೆ? ಅದನ್ನು ನಾವು ಒಬ್ಬೊಬ್ಬರೇ ಬಗೆಹರಿಸೋಕೆ ಆಗಲ್ಲ. ಅದಕ್ಕೇ ಕಾಲೇಜಿಗೆ ಎರಡು ಮನವಿ: ನಮ್ಮ ಹೆಲ್ತ್ ಸೆಂಟರ್‌ನಲ್ಲಿ ಈಗಾಗಲೇ ಇರುವ ಬಿಳಿ ಡಬ್ಬದ ವ್ಯವಸ್ಥೆಗೆ ಹಾಸ್ಟೆಲ್‌ನ ಸೂಜಿಗಳನ್ನೂ ಸೇರಿಸಿ. ಕಸ ತೆಗೆಯುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಮತ್ತು ದಪ್ಪ ಗ್ಲೌಸ್ ಕೊಡಿಸಿ.

ಬೆಂಗಳೂರಿನಲ್ಲಿ ಸ್ಯಾನಿಟರಿ ಪ್ಯಾಡನ್ನು ಪೇಪರ್‌ನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಕೊಡಿ ಅಂತ ಹೇಳಿಕೊಟ್ಟರು. ಎಷ್ಟೋ ಮನೆಗಳು ಕಲಿತವು. ಇದನ್ನೂ ಕಲಿಯಬಹುದು.

ಅಕ್ಕ ಈಗಲೂ ದಿನಾ ಬರ್ತಾರೆ. ಕವರ್ ಎತ್ತುವ ಮೊದಲು ಒಂದು ಸಲ ಅಲ್ಲಾಡಿಸಿ ನೋಡ್ತಾರೆ. ಅವರು ನೋಡದೆ ಎತ್ತುವ ದಿನ ಬಂದಾಗ ನಮ್ಮ ಕೆಲಸ ಆಯ್ತು ಅಂದುಕೊಳ್ಳೋಣ.