ಹಾರ್ಡ್‌ಡಿಸ್ಕ್‌ನೊಳಗಿನ ಕೆಜಿಎಫ್ (ಭಾಗ 4)

"ಸೀರಿಯಸ್ ಫೋಟೋಗ್ರಾಫರ್ ಇನ್‌ಸ್ಟಾದಲ್ಲಿ ಹಾಕಲ್ಲ" ಅಂತೀರಲ್ಲ, ಒಂದ್ಸಲ ಇಲ್ಲೇ ಕೆಜಿಎಫ್ ಅಂತ ಹುಡುಕಿ ನೋಡ್ರೋ. ಬರೀ ರಾಕಿ ಭಾಯ್ ರೀಲ್ಸು! 2018ರ ಸಿನಿಮಾ ನಮ್ಮೂರನ್ನೇ ನುಂಗಿ ಕೂತಿದೆ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿ ದುಡಿದವರು ಇನ್ನೂ ಇದ್ದಾರೆ. ಲೈನ್ ಮನೆಗಳಿವೆ. ಗಾಳಿ ಬೀಸಿದ್ರೆ ಸೈನೈಡ್ ಗುಡ್ಡದ ಧೂಳು ಅಡುಗೆಮನೆಗೇ ಬರುತ್ತೆ. ಇದನ್ನೆಲ್ಲ ತೆಗೆದಿರೋ ನೀವು ಎಕ್ಸಿಬಿಷನ್‌ಗೆ ಕಾಯ್ತಿದ್ದೀರಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಬರೋ ಅಜ್ಜಿ ಬೆಂಗಳೂರಿನ ಗ್ಯಾಲರಿಗೆ ಬರ್ತಾರಾ? ಮೊಮ್ಮಗನ ಫೋನಲ್ಲಿ ನೋಡ್ತಾರೆ, ಅಷ್ಟೇ.

ಹೌದು, ಆ್ಯಪ್ 1080 ಪಿಕ್ಸೆಲ್‌ಗೆ ಕುಗ್ಗಿಸುತ್ತೆ, ನೆರಳಿನ ವಿವರ ಹಾಳಾಗುತ್ತೆ (ನಂಗೂ ಹೊಟ್ಟೆ ಉರಿಯುತ್ತೆ). ಪ್ರಿಂಟ್ ಬೇರೆ ಮಾಡ್ಸಿ. ಆದ್ರೆ ಇಲ್ಲೂ ಹಾಕಿ. ಯಾವ ಲೈನು, ಯಾವ ವರ್ಷ ಅಂತ ಬರೀರಿ. ಆ ಸಿನಿಮಾದ ಮ್ಯೂಸಿಕ್ ಮಾತ್ರ ಅಂಟಿಸ್ಬೇಡ್ರಪ್ಪ.